ಗಾಣದ ಗೇಟಿನ ಕೈಮರ

ನಮ್ಮೂರಿನಲ್ಲಿ ಮೂರು ರೈಲ್ವೆ ಗೇಟುಗಳಿವೆ. ಹಳಿ ಇಲ್ಲ, ನಿಲ್ದಾಣ ಇಲ್ಲ, ರೈಲನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ಆದರೂ ಗೇಟಿನ ಕೈಮರ ಇಳಿಯಿತೆಂದರೆ ಊರು ನಿಲ್ಲುತ್ತದೆ. ಪರವೂರಿನ ನೆಂಟರು ಬಂದಾಗ ಇದೆಂಥ ಹುಚ್ಚು ಎಂದು ನಗುತ್ತಾರೆ. ನಗಲಿ. ಅವರ ಊರಿನಲ್ಲಿ ಬೆಕ್ಕು ಅಡ್ಡ ಬಂದರೆ ಮನೆಗೆ ಹಿಂತಿರುಗಿ ನೀರು ಕುಡಿದು ಕೂರುವ ಜನರಿದ್ದಾರೆ. ನಾವು ಕಬ್ಬಿಣದ ಕಂಬವೊಂದು ಕೈ ಇಳಿಸಿದರೆ ನಿಲ್ಲುತ್ತೇವೆ. ಯಾರದು ಹೆಚ್ಚು ಮರ್ಯಾದೆಯ ಕೆಲಸ ಎಂದು ಅವರೇ ಯೋಚಿಸಿಕೊಳ್ಳಲಿ.

ಕೈಮರ ಎಂದರೆ ಹಳೆಯ ಕಾಲದ ಸಿಗ್ನಲ್ಲು. ಎರಡಾಳೆತ್ತರದ ಕಬ್ಬಿಣದ ಕಂಬ, ನೆತ್ತಿಯ ಮೇಲೆ ಕೆಂಪು ಗಾಜಿನ ದೀಪ, ದೀಪದ ಕೆಳಗೊಂದು ಗಂಟೆ, ನಡುವಿನಿಂದ ರಸ್ತೆಯ ಅಗಲಕ್ಕೆ ಚಾಚಿಕೊಳ್ಳುವ ಉದ್ದನೆಯ ಕೈ. ಅದನ್ನು ಯಾರೂ ಎಳೆಯುವುದಿಲ್ಲ, ಯಾರೂ ಒತ್ತುವುದಿಲ್ಲ. ತನಗೆ ಬೇಕೆನಿಸಿದಾಗ ಗಂಟೆ ಹೊಡೆಯುತ್ತದೆ, ಕೈ ಇಳಿಯುತ್ತದೆ. ಸ್ವಲ್ಪ ಹೊತ್ತಿಗೆ ಎಡದಿಂದಲೋ ಬಲದಿಂದಲೋ ಒಂದು ಗಾಳಿ ಬೀಸಿ ಹೋಗುತ್ತದೆ. ಸೆರಗು ಹಾರುತ್ತದೆ, ಟೋಪಿ ಹಾರುತ್ತದೆ, ಮೂಗಿಗೆ ಕಲ್ಲಿದ್ದಲಿನ ವಾಸನೆ ಬಡಿಯುತ್ತದೆ, ರಸ್ತೆಯ ತುಂಬ ಶೇಂಗಾ ಸಿಪ್ಪೆ ಬೀಳುತ್ತದೆ. ಆಮೇಲೆ ಕೈ ಏಳುತ್ತದೆ, ಜನ ದಾಟುತ್ತಾರೆ. ಗುಡಿಸುವವಳು ಸಿಪ್ಪೆ ಗುಡಿಸುತ್ತಾಳೆ.

ಮೇಲಿನ ಪೇಟೆಗೂ ಕೆಳಗಿನ ಪೇಟೆಗೂ ನಡುವೆ ಈ ಮೂರು ಗೇಟು ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗಾಗಿ ನಮ್ಮ ಬದುಕೆಲ್ಲ ಅದಕ್ಕೆ ಹೊಂದಿಕೊಂಡೇ ಇದೆ. ಲಗ್ನಪತ್ರಿಕೆಯಲ್ಲಿ ಮುಹೂರ್ತದ ಕೆಳಗೆ ‘ಗೇಟು ಎದ್ದ ನಂತರ’ ಎಂದು ಅಚ್ಚು ಹಾಕಿಸುತ್ತಾರೆ. ತಡವಾಗಿ ಬಂದ ಮಾಸ್ತರರು ‘ಗೇಟು ಬಿದ್ದಿತ್ತು’ ಎಂದರೆ ಹೆಡ್‌ಮಾಸ್ತರರು ಮುಂದೆ ಬಾಯಿ ತೆರೆಯುವಂತಿಲ್ಲ. ಜಗಳವಾಡುತ್ತ ಬಂದ ಗಂಡಹೆಂಡಿರು ಗೇಟಿನ ಮುಂದೆ ನಿಂತು ಉಳಿದ ಜಗಳ ಮುಗಿಸುತ್ತಾರೆ, ಅಕ್ಕಪಕ್ಕದವರು ತೀರ್ಪು ಕೊಡುತ್ತಾರೆ. ಮಿರ್ಚಿ ಕಾಳಮ್ಮನ ಬಂಡಿ ನಡೆಯುವುದೇ ಹೀಗೆ ನಿಂತ ಜನರ ಹಸಿವಿನಿಂದ. ಇಳಿದ ಕೈಯ ಕೆಳಗೆ ನುಸುಳಿದವರು ಮಾತ್ರ ನಮ್ಮಲ್ಲಿ ಯಾರೂ ಇಲ್ಲ. ನುಸುಳಬಾರದೆಂದು ಎಲ್ಲಿಯೂ ಬರೆದಿಲ್ಲ. ಮೈ ಒಪ್ಪುವುದಿಲ್ಲ, ಕಾಲು ಏಳುವುದಿಲ್ಲ, ಅಷ್ಟೇ.

ನಾನು ಬೋರ್ಡು ಬರೆಯುವವಳು. ಕಿರಾಣಿ ಅಂಗಡಿ, ಹಾಲಿನ ಡೇರಿ, ಸೈಕಲ್ ಶಾಪು, ಊರಿನಲ್ಲಿ ಓದಲು ಬರುವಂತೆ ಇರುವ ಅಕ್ಷರವೆಲ್ಲ ನನ್ನದು. ಎಲ್ಲರೂ ಬೋರ್ಡಿನ ಅಂಬಕ್ಕ ಎನ್ನುತ್ತಾರೆ. ನಮ್ಮ ಮನೆಯವರು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೊನೆಟ್ ಊದುತ್ತಾರೆ. ಹೆಸರು ದೇವೇಂದ್ರಪ್ಪ. ಗಂಡನ ಹೆಸರು ಹೇಳಬಾರದಂತೆ, ಆಯುಷ್ಯ ಕಡಿಮೆಯಾಗುತ್ತದಂತೆ. ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ, ಮನುಷ್ಯ ಇನ್ನೂ ಎರಡು ರೊಟ್ಟಿ ಹೆಚ್ಚಿಗೆ ತಿನ್ನುತ್ತಾರೆ.

ನನಗೊಂದು ಹವ್ಯಾಸ. ಆ ಮೂರು ಕೈಮರಗಳ ಚಿತ್ರ ಬರೆದಿಡುವುದು. ಸಣ್ಣ ಚಿತ್ರವಲ್ಲ, ಇದ್ದದ್ದು ಇದ್ದ ಹಾಗೆ, ಅಷ್ಟೇ ಎತ್ತರ, ಅಷ್ಟೇ ಅಗಲ. ತಗಡುಗಳಿಗೆ ಕೀಲು ಹಾಕಿಸಿ ಮಡಚುವಂತೆ ಮಾಡಿಕೊಂಡಿದ್ದೆ. ‘ಕೆಲಸವಿಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ’ ಎಂದು ನನ್ನ ಅತ್ತೆ ಸಾಯುವವರೆಗೂ ಹೇಳುತ್ತಿದ್ದರು. ಆದರೆ ಆ ಕಂಬಗಳ ಮುಂದೆ ನಿಂತು ನೋಡಿದವರಿಗೆ ಗೊತ್ತು. ಅಗಸಿ ಗೇಟಿನ ಕೈಮರಕ್ಕೆ ಯಾವ ಕಾಲದಲ್ಲೋ ಕಬ್ಬಿನ ಬಂಡಿ ತಾಗಿ ಮೊಣಕೈಯಲ್ಲಿ ಸಣ್ಣ ಡೊಂಕು. ಸಂತೆ ಗೇಟಿನ ಗಂಟೆಗೆ ಬಿರುಕು, ಶೀತವಾದವರ ದನಿ. ಗಾಣದ ಗೇಟಿನದು ಎಲ್ಲಕ್ಕಿಂತ ಹಳೆಯದು. ಎದುರಿನ ಎಣ್ಣೆ ಗಾಣದ ಜಿಡ್ಡು ಕುಡಿದು ಕುಡಿದು ಕಂಬ ಯಾವಾಗಲೂ ಮಿಂದು ಬಂದಂತೆ ಹೊಳೆಯುತ್ತದೆ. ಬಣ್ಣ ಎದ್ದ ಕಡೆ ಕೆಂಪಿನ ಕೆಳಗೆ ಹಳದಿ, ಹಳದಿಯ ಕೆಳಗೆ ನೀಲಿ. ಬುಡದಲ್ಲಿ ಎರಕದ ಅಕ್ಷರಗಳಿವೆ, ಯಾವ ಭಾಷೆಯೋ ಯಾರಿಗೂ ತಿಳಿಯದು. ನಾನು ಅವನ್ನೂ ಓದದೆಯೇ ನಕಲು ಮಾಡಿದೆ.

ಆ ಕಂಬದ ಮೇಲೆ ನನಗೆ ಬಹಳ ಜೀವ. ಮಕ್ಕಳಿಲ್ಲದವಳು ಕಂಬವನ್ನು ಹಚ್ಚಿಕೊಂಡಳು ಎಂದು ಜನ ಆಡಿಕೊಳ್ಳುವುದುಂಟು. ಮಕ್ಕಳಿರುವವರಲ್ಲಿ ಎಷ್ಟು ಜನ ಆ ಕಂಬದಷ್ಟು ನೆಟ್ಟಗಿನ ಮಕ್ಕಳನ್ನು ಬೆಳೆಸಿದ್ದೀರಿ ಎಂದು ನಾನು ಕೇಳುವುದೂ ಉಂಟು.

ಕೈ ಇಳಿದಿರುವಾಗ ಮಾತ್ರ ನಾನು ಬರೆಯುತ್ತಿದ್ದೆ. ಆಗ ಹೇಗೂ ನಿಲ್ಲಲೇಬೇಕು, ಕಂಬ ತನ್ನ ಕೆಲಸ ಮಾಡುತ್ತಿರುತ್ತದೆ, ನಾನು ನನ್ನದು. ಕೈ ಎದ್ದ ತಕ್ಷಣ ಬ್ರಶ್ ಒರೆಸಿ ಡಬ್ಬಿ ಮುಚ್ಚುತ್ತಿದ್ದೆ. ಹಾಗಾಗಿ ಒಂದೊಂದು ಚಿತ್ರಕ್ಕೆ ವರ್ಷಗಟ್ಟಲೆ ಹಿಡಿಯಿತು. ಒಂದು ದಿನ ಬೋಲ್ಟಿನ ತಲೆ, ಇನ್ನೊಂದು ದಿನ ಅದರ ನೆರಳು. ಮೂರೂ ಮುಗಿದಾಗ ನನ್ನ ಅರ್ಧ ತಲೆ ಬೆಳ್ಳಗಾಗಿತ್ತು.

ಮನೆಯಲ್ಲಿ ಅವನ್ನು ಗೋಡೆಗೆ ಮುಖ ಮಾಡಿ, ಮೇಲೆ ಕೌದಿ ಹೊದಿಸಿ ಇಡಬೇಕಾಗಿತ್ತು. ಒಮ್ಮೆ ಬಣ್ಣ ಒಣಗಲೆಂದು ಅಡುಗೆಮನೆಯ ದಾರಿಯಲ್ಲಿ ಮುಖ ಹೊರಗೆ ಮಾಡಿ ನಿಲ್ಲಿಸಿ ಕೆಲಸಕ್ಕೆ ಹೋಗಿಬಿಟ್ಟಿದ್ದೆ. ಮಧ್ಯಾಹ್ನ ಬಂದು ನೋಡಿದರೆ ನಮ್ಮವರು ಇಳಿದ ಕೈಯ ಮುಂದೆ ಖಾಲಿ ತಾಟು ಹಿಡಿದು ನಿಂತಿದ್ದಾರೆ.

"ಅಂಬಾ, ಇದು ಚಿತ್ರ ಅಂತ ನನಗ ಗೊತ್ತೈತಿ. ಕಾಲಿಗೆ ಗೊತ್ತಿಲ್ಲಲ್ಲ, ಏನ್ ಮಾಡ್ಲಿ?" ಎಂದರು.

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಒಳಗೊಳಗೆ ಹೆಮ್ಮೆಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಹೀಗಿರುವಾಗ ಪುರಸಭೆಗೆ ಸಂಗನಬಸಪ್ಪನವರು ಅಧ್ಯಕ್ಷರಾದರು. ಕೆಟ್ಟ ಮನುಷ್ಯರಲ್ಲ, ಅವಸರದ ಮನುಷ್ಯ. ಅವರ ಸನ್ಮಾನದ ದಿನ ಮೂರು ಗೇಟೂ ಒಟ್ಟಿಗೆ ಬಿದ್ದು ಬಹಳ ಹೊತ್ತು ಏಳಲಿಲ್ಲ. ಅವರು ದಾಟಿ ಬರುವಷ್ಟರಲ್ಲಿ ಹಾರ ಬಾಡಿತ್ತು, ಭಾಷಣ ಮಾಡುವವರು ಮಾಡಿ ಮುಗಿಸಿದ್ದರು, ಉಂಡವರು ಪಂಕ್ತಿಯಿಂದ ಎದ್ದು ಎಲೆ ಬಿಸಾಡಿದ್ದರು. ಅಂದಿನಿಂದ ಅವರಿಗೆ ಕೈಮರ ಕಂಡರೆ ಆಗದು. ಊರು ಮುಂದುವರಿಯಬೇಕಾದರೆ ಮೊದಲು ಈ ಕಂಬಗಳು ಹೋಗಬೇಕು, ಬಿಚ್ಚಿ ಗುಜರಿಗೆ ಹಾಕಬೇಕು ಎಂದು ಠರಾವು ಮಾಡಿಸಿದರು.

ಬಿಚ್ಚುವ ದಿನ ನಾನು ಗಾಣದ ಗೇಟಿನ ಕಂಬವನ್ನು ತಬ್ಬಿ ನಿಂತೆ. ಸೀರೆಗೆಲ್ಲ ಎಣ್ಣೆ. ಕೈ ಎದ್ದಿರುವ ಹೊತ್ತು ನೋಡಿ ಪುರಸಭೆಯ ಆಳು ಯಮನೂರಿ ಬೋಲ್ಟು ಬಿಚ್ಚುವ ಪಾನಾ ಹಿಡಿದು ಬಂದ, ನನ್ನನ್ನು ನೋಡಿ ತಲೆ ತಗ್ಗಿಸಿದ. ಅವನ ಹಿಂದೆ ಅಧ್ಯಕ್ಷರು. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ, ಹೊಗಳಿದರು.

"ಅಂಬಕ್ಕ, ನೀವs ಹಿಂಗ ಮಾಡಿದ್ರ ಹೆಂಗ್ರಿ? ಇದರ ಚಿತ್ರ ನೀವು ಬರದಿಟ್ಟೀರಿ. ಬಂಗಾರದಂಥ ಚಿತ್ರ. ಒಂದು ಬೋಲ್ಟು ಸೈತ ಬಿಟ್ಟಿಲ್ಲಂತ. ಅಷ್ಟ ಚಂದಂಗಿ ಬರದಿಟ್ಟ ಮ್ಯಾಲೆ ಈ ತುಕ್ಕ ಹಿಡದ ಕಬ್ಬಣ ಇನ್ಯಾಕ ಬೇಕು?"

ನೆರೆದ ಜನ ಗೋಣು ಹಾಕಿದರು. ಹೌದಲ್ಲ, ಚಿತ್ರ ಐತಲ್ಲ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಅಲ್ಲಿಯವರೆಗೆ ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದವರು ಕೂಡ ಸಮಾಧಾನಗೊಂಡರು.

"ನಾ ಬರದದ್ದು ಇದು ಇರ್ಲಿ ಅಂತ ರೀ, ಹೋಗ್ಲಿ ಅಂತಲ್ಲ!" ಎಂದು ಕೂಗಿದೆ.

"ಹೋದ್ರೂ ಇದ್ದಂಗ ಆತಲ್ರಿ," ಎಂದರು ಅಧ್ಯಕ್ಷರು ನಗುತ್ತ.

ನನ್ನ ಜೀವಮಾನದಲ್ಲಿ ಯಾರ ಮಾತೂ ನನ್ನನ್ನು ಅಷ್ಟು ಹೊಡೆದಿರಲಿಲ್ಲ. ನನ್ನ ಅಪ್ಪ ಬೆಲ್ಟಿನಲ್ಲಿ ಹೊಡೆದಾಗಲೂ ಅಷ್ಟು ನೋವಾಗಿರಲಿಲ್ಲ. ವರ್ಷಗಟ್ಟಲೆ ನಿಂತು ಬರೆದದ್ದೇ ಅದರ ಕುತ್ತಿಗೆಗೆ ಹಗ್ಗವಾಯಿತಲ್ಲ ಎಂದು ತಬ್ಬಿದ ಕೈ ಸಡಿಲ ಬಿಟ್ಟೆ. ಇಬ್ಬರು ಹೆಂಗಸರು ಬಂದು ನನ್ನನ್ನು ಮೆಲ್ಲಗೆ ಬಿಡಿಸಿ ಆಚೆ ಕೂರಿಸಿದರು. ಸಂಜೆಯೊಳಗೆ ಮೂರೂ ಕಂಬಗಳು ಪುರಸಭೆಯ ಹಿತ್ತಲು ಸೇರಿದವು.

ಮರುದಿನ ಬೆಳಿಗ್ಗೆ ಗಾಣದ ಗೇಟಿನ ಜಾಗದಲ್ಲಿ ಉದ್ಘಾಟನೆ. ಉದ್ಘಾಟಿಸಲು ಅಲ್ಲಿ ಏನೂ ಇರಲಿಲ್ಲ, ಆದರೂ ರಿಬ್ಬನ್ ಕಟ್ಟಿದ್ದರು. ಯಮನೂರಿ ರಸ್ತೆಯ ನಡುವೆ ಒಂದು ಸ್ಟೂಲು ಇಟ್ಟಿದ್ದ, ಅದರ ಮೇಲೆ ಹಿತ್ತಾಳೆ ತಟ್ಟೆ, ತಟ್ಟೆಯಲ್ಲಿ ಕತ್ತರಿ. ಅಧ್ಯಕ್ಷರು ಕೆಳಗಿನ ಪೇಟೆಯ ಕಡೆಯಿಂದ ನಡೆದು ಬಂದು, ರಿಬ್ಬನ್ ಕತ್ತರಿಸಿ, ದಾಟಿ, ಮೇಲಿನ ಪೇಟೆಯ ತಮ್ಮ ಮನೆಗೆ ಮೆರವಣಿಗೆಯಲ್ಲಿ ಹೋಗುವುದು ಎಂದು ಏರ್ಪಾಟು. ಆಚೆ ಕಡೆ ಬ್ಯಾಂಡು ಕಾದಿತ್ತು. ಹಿಂದಿನ ದಿನವೇ ಅಲ್ಲಿಗೆ ಹೋಗಿದ್ದ ನಮ್ಮವರು ಕೆಂಪು ಕೋಟು ಹಾಕಿಕೊಂಡು ಮುಂದೆಯೇ ನಿಂತಿದ್ದರು.

ಅಧ್ಯಕ್ಷರು ಒಂದು ಕಾಲು ಎತ್ತಿದರು. ಆಗಲೇ ಗಾಳಿ ಬಂತು. ಗಂಟೆಯಿಲ್ಲ, ದೀಪವಿಲ್ಲ, ಸುಮ್ಮನೆ ಬಂತು. ರಿಬ್ಬನ್ ಪಟಕ್ಕನೆ ಹರಿಯಿತು. ಗಾಳಿ ನಿಂತಾಗ ರಸ್ತೆಯಲ್ಲಿ ಶೇಂಗಾ ಸಿಪ್ಪೆ ಇತ್ತು, ಸ್ಟೂಲು ಇರಲಿಲ್ಲ. ಕತ್ತರಿ ಇರಲಿಲ್ಲ, ತಟ್ಟೆಯೂ ಇರಲಿಲ್ಲ.

ಎತ್ತಿದ ಕಾಲನ್ನು ಅಧ್ಯಕ್ಷರು ನಿಧಾನವಾಗಿ ಹಿಂದಕ್ಕೆ ಇಟ್ಟರು. ಆಮೇಲೆ ನೆರೆದವರತ್ತ ತಿರುಗಿ, "ಹೋತಲ್ಲ, ಇನ್ನ ದಾಟ್ರಿ, ದಾಟ್ರಿ," ಎಂದು ಕೈ ಬೀಸಿದರು.

"ಗೇಟು ಏಳ್ಲಿ ತಡೀರಿ," ಎಂದಳು ಕಾಳಮ್ಮ, ಮಿರ್ಚಿ ಜಾಲರಿ ಕೈಯಲ್ಲಿ ಹಿಡಿದುಕೊಂಡೇ.

"ಗೇಟs ಇಲ್ಲಲ್ಲವಾ!"

"ಹಂಗಾದ್ರ ಏಳೂದು ಹೆಂಗ್ರಿ?"

ಇಳಿದ ಕೈ ಒಂದಲ್ಲ ಒಂದು ಹೊತ್ತಿಗೆ ಏಳುತ್ತದೆ. ಇಲ್ಲದ ಕೈ ಏಳುವುದೆಂದರೇನು? ಜನ ಬಿಡುಗಡೆಯಾಗಿ ಓಡಾಡಲಿ ಎಂದು ಗೇಟು ತೆಗೆದರು, ಜನ ನಿಂತಲ್ಲೇ ನಿಂತರು. ಅಗಸಿಯಲ್ಲೂ ಹಾಗೆಯೇ, ಸಂತೆಯಲ್ಲೂ ಹಾಗೆಯೇ. ಸಂಜೆಯಾಗುತ್ತಿದ್ದಂತೆ ಯಾರು ಎಲ್ಲಿದ್ದರೋ ಅಲ್ಲಿಯೇ ನೆಂಟರ ಮನೆ ಹುಡುಕಿಕೊಂಡರು. ಅಧ್ಯಕ್ಷರು ‘ಕೆಲಸ ಬಹಳ ಐತಿ’ ಎಂದು ಹೇಳಿ ಪುರಸಭೆಯ ಮೇಜಿನ ಮೇಲೆ ಮಲಗಿದರು.

ಊರು ಅದಕ್ಕೂ ಹೊಂದಿಕೊಳ್ಳತೊಡಗಿತು, ಅದು ನಮ್ಮೂರಿನ ಗುಣ. ರೊಟ್ಟಿಯ ಗಂಟುಗಳು ಈ ಕಡೆಯಿಂದ ಆ ಕಡೆ ಹಾರಿದವು. ಮಾಸ್ತರರು ಈಚೆ ನಿಂತು ಮಗ್ಗಿ ಹೇಳಿದರು, ಮಕ್ಕಳು ಆಚೆ ನಿಂತು ಒಪ್ಪಿಸಿದರು. ಒಂದು ನಿಶ್ಚಿತಾರ್ಥವೂ ಕೂಗಿಕೊಂಡೇ ಮುಗಿಯಿತು. ನಡುವೆ ಹೇಳದೆ ಕೇಳದೆ ಗಾಳಿ ಬೀಸಿ, ಗಂಟುಗಳಲ್ಲಿ ಎಷ್ಟೋ ತಲುಪದೆ ಹೋದವು.

ನಾನು ದಿನವೂ ಗಾಣದ ಗೇಟಿಗೆ ಹೋಗಿ ನಿಲ್ಲುತ್ತಿದ್ದೆ. ಆಚೆ ಕಡೆ ನಮ್ಮವರು ಅದೇ ಕೆಂಪು ಕೋಟಿನಲ್ಲಿ ಬಂದು ನಿಲ್ಲುತ್ತಿದ್ದರು. ಬೇರೆ ಬಟ್ಟೆ ಇರಲಿಲ್ಲವಲ್ಲ.

"ಉಂಡ್ರೇನ್ರೀ?" ಎಂದು ಕೂಗುತ್ತಿದ್ದೆ.

"ಉಂಡೆ. ನಿನ್ನ ಕೈಯಾಗಿನ ಉಪ್ಪು ಇಲ್ಲ ನೋಡು ಅದರಾಗ."

"ಮನ್ಯಾಗಿದ್ದಾಗ ಉಪ್ಪು ಹೆಚ್ಚಾತು ಅಂತಿದ್ರಿ!"

ಅವರು ನಗುತ್ತಿದ್ದರು. ಒಂದು ಸಂಜೆ ಕ್ಲಾರಿಯೊನೆಟ್ ತೆಗೆದು, ಹೆಣ್ಣು ಒಪ್ಪಿಸುವಾಗ ಊದುವ ರಾಗ ಊದಿದರು. ನನ್ನನ್ನು ರೇಗಿಸಲೆಂದೇ ಊದಿದ್ದು. ಅರ್ಧಕ್ಕೇ ನಿಲ್ಲಿಸಿ ಕ್ಲಾರಿಯೊನೆಟ್ ಇಳಿಸಿದರು. ನಾನು ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಮೈಯೆಲ್ಲ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಪುರಸಭೆಯ ಹಿತ್ತಲಿಗೆ ಹೋದೆ. ಬಾಳೆಗಿಡದ ಪಕ್ಕದಲ್ಲಿ ಮೂರು ಕಂಬಗಳನ್ನು ಅಂಗಾತ ಮಲಗಿಸಿದ್ದರು. ಯಮನೂರಿ ಅವುಗಳ ಮೇಲೆ ಗೋಣಿಚೀಲ ಹೊದಿಸುತ್ತಿದ್ದ. ನಾನು ನೋಡುತ್ತಿದ್ದಂತೆಯೇ ಗಾಣದ ಕೈಮರದ ಗಂಟೆ ಮಣ್ಣಿನಲ್ಲಿ ಹೂತುಕೊಂಡೇ ಒಮ್ಮೆ ಗೊಣಗಿತು, ಕೈ ಕದಲಿತು, ನೆಲಕ್ಕೆ ಧಪ್ಪನೆ ಬಡಿಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಧಪ್ಪನೆ ಬಡಿಯಿತು. ಧೂಳೆದ್ದಿತು. ಮಲಗಿದ ಕೈ ಇಳಿಯಿತೋ ಎದ್ದಿತೋ ಹೇಳಲು ಸಾಧ್ಯವಿರಲಿಲ್ಲ.

"ಹಗಲೂ ರಾತ್ರಿ ಹಿಂಗs ಮಾಡ್ತಾವ್ರೀ ಅಕ್ಕಾ," ಎಂದ ಯಮನೂರಿ. "ನೋಡಾಕ ಆಗೂದಿಲ್ಲ. ಅದಕ್ಕs ಚೀಲ ಹೊಚ್ಚಾಕತ್ತೀನಿ. ನಾಳೆ ನಾಡಿದ್ದು ಗುಜರಿ ಲಾರಿ ಬರ್ತೈತಿ."

ನಾನು ಮಣ್ಣಿನಲ್ಲಿ ಕುಳಿತು ಆ ಕೈಯ ಮೇಲೆ ಕೈಯಿಟ್ಟೆ. ಅದು ನನ್ನ ಕೈಯನ್ನೂ ಎತ್ತಿಕೊಂಡು ಎದ್ದಿತು. ನೆಲಕ್ಕೆ ಬಿದ್ದರೂ ಕೆಲಸ ಬಿಡದ ಜೀವವನ್ನು ಗುಜರಿಗೆ ಹಾಕಲು ನಾನು ಬಿಡುವುದಿಲ್ಲ ಎಂದು ಅಲ್ಲಿಯೇ ತೀರ್ಮಾನಿಸಿದೆ.

ಮರುದಿನ ಮಧ್ಯಾಹ್ನ ಅಧ್ಯಕ್ಷರೇ ನನ್ನ ಅಂಗಡಿಗೆ ಬಂದರು. ಗಡ್ಡ ಬೆಳೆದಿತ್ತು, ಅಂಗಿ ಸುಕ್ಕಾಗಿತ್ತು. ಮೇಜಿನ ಮೇಲೆ ಮಲಗಿ ಮಲಗಿ ಕುತ್ತಿಗೆ ಹಿಡಿದಿತ್ತು, ನನ್ನ ಕಡೆ ತಿರುಗಬೇಕಾದರೆ ಇಡೀ ಮೈ ತಿರುಗಿಸಬೇಕಾಗಿತ್ತು.

"ಅಂಬಕ್ಕ, ನಿಮ್ಮಿಂದ ಒಂದು ಉಪಕಾರ ಆಗಬೇಕು. ಕೈ ಎತ್ತಿದ ಸಿಗ್ನಲ್ಲು ಮೂರು ಬರದು ಕೊಡ್ರಿ. ಗೇಟಿಗೊಂದು ನಿಂದ್ರಸ್ತೀನಿ. ನಿಮ್ಮ ಕೈ ಚಿತ್ರ ಅಂದ್ರ ಜನ ನಂಬ್ತಾರ, ದಾಟ್ತಾರ."

"ಕೈ ಎತ್ತಿದ್ದು ನಾ ಯಾವತ್ತೂ ಬರದಿಲ್ರಿ."

"ಈಗ ಬರೀರಿ. ನಿಮ್ಮ ಯಜಮಾನ್ರೂ ಆ ಕಡೆನs ಅದಾರಲ್ಲ. ಇವತ್ತs ಬರದ್ರ ಸಂಜಿಗೆ ಮನಿಗೆ ಬರ್ತಾರ."

ಒಂದು ಗಳಿಗೆ ನನ್ನ ಜೀವ ಜಗ್ಗಿತು, ಇಲ್ಲವೆನ್ನುವುದಿಲ್ಲ. ಹಸಿರು ಬಣ್ಣದ ಡಬ್ಬಿ ಕೈಗೆಟುಕುವಲ್ಲೇ ಇತ್ತು. ಕೆಂಪು ಕೋಟಿನ ಮನುಷ್ಯ ನಗುತ್ತ ದಾಟಿ ಬರುವುದು ಕಣ್ಣಿಗೆ ಕಟ್ಟಿತು. ಅದರ ಹಿಂದೆಯೇ ಆ ಸ್ಟೂಲೂ ಕಣ್ಣಿಗೆ ಕಟ್ಟಿತು.

"ಚಿತ್ರದ ಕೈ ಏರಿದ್ದು ಇಳಿಯೂದಿಲ್ರಿ. ರೈಲು ಬಂದ್ರೂ ಅದು ಬರ್ರಿ ಬರ್ರಿ ಅಂತನs ಇರ್ತೈತಿ. ಜನ ನನ್ನ ಚಿತ್ರ ನಂಬಿ ನಡುದಾರ್ಯಾಗ ಹೋಗಿ ನಿಂದ್ರಬೇಕೇನು? ನಾ ಬರಿಯೂದಿಲ್ಲ. ಬಿಚ್ಚಿದ್ದನ್ನ ತಂದು ನಿಂದ್ರಸ್ರಿ."

"ಅದೊಂದು ಆಗೂದಿಲ್ಲ. ತಗದವರು ಮತ್ತ ಹಾಕಿದ್ರು ಅಂತ ಜನ ನಗತಾರ. ನನ್ನ ಮಾರಿ ಎಲ್ಲಿಡ್ಲಿ?"

"ಇದ್ದಲ್ಲೇ ಇಡ್ರಿ. ಈಗೇನು ಅದು ಮನಿ ಮುಟ್ಟೈತೇನು?" ಎಂದೆ.

ಅವರು ಎದ್ದು ಹೋದರು. ನಾನು ಅಂಗಡಿಯ ಬಾಗಿಲು ಹಾಕಿ ಮನೆಗೆ ಹೋಗಿ, ಎರಡು ಮಡಚಿದ ತಗಡುಗಳನ್ನು ಕೌದಿಯ ಸಮೇತ ತಳ್ಳುಗಾಡಿಗೆ ಹೇರಿದೆ. ಕಾಳಮ್ಮ ಎದುರಾದವಳು ಏನೂ ಕೇಳದೆ ಬಂಡಿ ಬಿಟ್ಟು ಗಾಡಿ ತಳ್ಳಲು ಬಂದಳು. ಪುರಸಭೆಗೆ ಎರಡೇ ಬಾಗಿಲು. ಹಿಂದಿನ ಬಾಗಿಲಿಗೆ ಅಗಸಿ ಕೈಮರವನ್ನೂ ಮುಂದಿನ ಬಾಗಿಲಿಗೆ ಗಾಣದ ಕೈಮರವನ್ನೂ ಬಿಡಿಸಿ ನಿಲ್ಲಿಸಿದೆವು, ಮುಖ ಒಳಗಡೆಗೆ, ಬೆನ್ನು ಬೀದಿಗೆ. ಆಮೇಲೆ ಕೌದಿ ಎಳೆದೆ.

ಒಳಗಿನಿಂದ ಮೊದಲು ಗುಮಾಸ್ತರು ಬಂದರು, ನಿಂತರು. ಚಹಾ ತರಲು ಹೊರಟ ಜವಾನ ಬಂದ, ನಿಂತ. ಕೊನೆಗೆ ಅಧ್ಯಕ್ಷರು ಬಂದರು. ಇಳಿದ ಕೈಯನ್ನು ನೋಡಿದ ಕೂಡಲೇ ಹೊಸ್ತಿಲಿನ ಒಳಗೇ ಗಕ್ಕನೆ ನಿಂತರು. ತಗಡಿನ ಕೀಲಿನ ಸಂದಿಯಿಂದ ಅವರ ಹಣೆ ಮಾತ್ರ ನನಗೆ ಕಾಣುತ್ತಿತ್ತು.

"ತಗೀರಿ ಅದನ್ನ! ಅದು ಬರೇ ಚಿತ್ರ!"

"ಬರೇ ಚಿತ್ರ ಆದ್ರ ದಾಟ್ರಿ ಮತ್ತ," ಎಂದೆ.

ಮೂಗಿನಲ್ಲಿ ಉಸಿರು ಬಿಡುವುದು ಕೇಳಿಸಿತು. ಬೂಟು ಒಮ್ಮೆ ನೆಲಕ್ಕೆ ಉಜ್ಜಿತು. ಬೂಟು ಮುಂದೆ ಬರಲಿಲ್ಲ.

ಜನ ಸೇರಿದರು. ಹೊರಗಿನವರಿಗೆ ಕಾಣುತ್ತಿದ್ದದ್ದು ತಗಡಿನ ಬೆನ್ನು ಮಾತ್ರ, ಎತ್ತಿ ಬದಿಗಿಡಲು ಯಾರ ಕಾಲಿಗೂ ಅಡ್ಡಿಯಿರಲಿಲ್ಲ. ಒಳಗಿನಿಂದ ಅಧ್ಯಕ್ಷರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಮೊನ್ನೆ ಗೋಣು ಹಾಕಿದವರೆಲ್ಲ ಅಲ್ಲಿದ್ದರು. ಒಬ್ಬರ ತಾಯಿ ಆಚೆ ಕಡೆ ಇದ್ದಳು, ಒಬ್ಬರ ಎಮ್ಮೆ ಆಚೆ ಕಡೆ ಇತ್ತು, ಒಬ್ಬರ ಹೆಂಡತಿ ಆಚೆ ಕಡೆ ಇದ್ದಳು. ಯಾರೂ ಅಲುಗಾಡಲಿಲ್ಲ. ಯಮನೂರಿ ಕಟ್ಟೆಯ ಮೇಲೆ ಕುಳಿತು ಬೀಡಿ ಹಚ್ಚಿದ, ಸಾಹೇಬರ ದನಿ ಕೇಳಿಯೂ ಏಳಲಿಲ್ಲ.

"ಎಷ್ಟ ಹೊತ್ತು ಹಿಂಗ?" ಎಂದು ಕೊನೆಗೆ ಒಳಗಿನಿಂದ ಸಣ್ಣ ದನಿ ಬಂತು.

"ಅದು ನನ್ನ ಕೈಯಾಗಿಲ್ರಿ. ಚಿತ್ರದ ಕೈ ತಾನಾಗಿ ಏಳೂದಿಲ್ಲ. ನಿಂತ ಕೈಮರದ್ದಾದ್ರ ಏಳ್ತೈತಿ."

ಬಿಸಿಲು ಇಳಿಯುವವರೆಗೆ ತಡೆದುಕೊಂಡರು. ಆಮೇಲೆ ಒಪ್ಪಿದರು. ಆದರೆ ಅವರೂ ಅಧ್ಯಕ್ಷರೇ, ಪೂರ್ತಿ ಸೋಲುವವರಲ್ಲ. "ನಿಂದ್ರಸ್ತೀನಿ. ಆದ್ರ ಆ ಮೂರೂ ತಗಡು ಪುರಸಭೆಗೆ ಒಪ್ಪಿಸಬೇಕು. ಇಲ್ಲಂದ್ರ ನಾಳೆ ಸಿಟ್ಟ ಬಂದ್ರ ಯಾರ ಬಾಗಿಲಿಗ್ಯಾದ್ರೂ ತಂದು ಇಡ್ತೀರಿ. ಸಭಾಂಗಣದಾಗ ತೂಗ ಹಾಕಸ್ತೀನಿ, ಪಡದಿ ಬಿಡಸ್ತೀನಿ. ಕೆಳಗ ನಿಮ್ಮ ಹೆಸರು ದೊಡ್ಡದಾಗಿ ಬರಸ್ತೀನಿ."

ಜನರಿಗೆ ಅದು ನ್ಯಾಯವೆನಿಸಿತು. ನನಗೂ ಒಂದು ಕ್ಷಣ ಆಸೆಯಾಯಿತು. ಊರಿನವರ ಹೆಸರೆಲ್ಲ ನಾನು ಬರೆದಿದ್ದೇನೆ, ನನ್ನ ಹೆಸರು ಎಲ್ಲಿಯೂ ಇಲ್ಲ.

"ಮೊದಲ ಕೈಮರ ನಿಂದ್ರಸ್ರಿ. ತಗಡಿನ ಮಾತು ಆಮ್ಯಾಲೆ," ಎಂದು ತಗಡುಗಳನ್ನು ಮಡಚಿ, ಕೌದಿ ಹೊದಿಸಿ, ಬಾಗಿಲು ಬಿಟ್ಟೆ.

ಮರುದಿನ ಊರೇ ಹೆಗಲು ಕೊಟ್ಟಿತು. ಗಾಣದ ಕೈಮರಕ್ಕೆ ಯಮನೂರಿ ಕೊನೆಯ ಬೋಲ್ಟು ಬಿಗಿಯುತ್ತಿದ್ದಂತೆ, ಮಣ್ಣು ಮೆತ್ತಿದ ಗಂಟೆ ಹೊಡೆಯಿತು. ಕೈ ಇಳಿಯಿತು. ಎರಡೂ ಕಡೆಯ ಜನ ಖುಷಿಯಿಂದ ಕೂಗಿಕೊಂಡು ನಿಂತರು. ಗಾಳಿ ಬಂತು, ಹೋಯಿತು. ಕೈ ಎದ್ದಿತು. ಎಲ್ಲರಿಗಿಂತ ಮೊದಲು ಕೆಂಪು ಕೋಟು ದಾಟಿ ಬಂದು ನನ್ನ ಮುಂದೆ ನಿಂತಿತು.

"ಮಾರಿ ಎಷ್ಟ ಸಣ್ಣ ಆಗೈತಿ ನಿಂದು," ಎಂದರು. ಇಷ್ಟು ಜನರ ಎದುರಿಗೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಅಷ್ಟರಲ್ಲಿ ಅಧ್ಯಕ್ಷರು ಕೈ ಚಾಚಿದರು. ಮೂರೂ ತಗಡುಗಳು ಗಾಡಿಯಲ್ಲಿ ಕೌದಿಯ ಕೆಳಗೆ ಇದ್ದವು. ನಾನು ಚಿತ್ರಗಳನ್ನೇ ಯೋಚಿಸುತ್ತ ಹಿಂದಿನ ರಾತ್ರಿ ಕಳೆದಿದ್ದೆ. ಸಭಾಂಗಣದಲ್ಲಿ ಪರದೆಯ ಹಿಂದೆ ಅವು ಚೆಂದವಾಗಿ ತೂಗುತ್ತವೆ. ಇವರಲ್ಲದಿದ್ದರೆ ಇವರ ನಂತರ ಬರುವ ಇನ್ನೊಬ್ಬ ಅವಸರದ ಮನುಷ್ಯ ಒಂದು ದಿನ ಅವುಗಳತ್ತ ಕೈ ತೋರಿಸಿ, ಎಲ್ಲ ಇಲ್ಲೇ ಭದ್ರ ಐತಲ್ಲ ಎನ್ನುತ್ತಾನೆ. ಜನ ಗೋಣು ಹಾಕುತ್ತಾರೆ. ಯಮನೂರಿಯೋ ಅವನ ಮಗನೋ ಪಾನಾ ತರುತ್ತಾನೆ.

ಗಾಡಿಯ ಮೂಲೆಯಿಂದ ರೆಡ್ ಆಕ್ಸೈಡ್ ಡಬ್ಬಿ ತೆಗೆದೆ. ಹಳೆಯ ಬೋರ್ಡು ಅಳಿಸಿ ಹೊಸದು ಬರೆಯುವ ಮುನ್ನ ಬಳಿಯುವ ಬಣ್ಣ ಅದು. ದೊಡ್ಡ ಬ್ರಶ್ ಅದ್ದಿದೆ. ನಮ್ಮವರಿಗೆ ತಕ್ಷಣ ತಿಳಿಯಿತು.

"ಅಂಬಾ, ಬ್ಯಾಡ. ಅಷ್ಟು ವರ್ಷದ ಕೆಲಸ ಅದು. ಇದೊಂದರ ಇರ್ಲಿ, ಗಾಣದ್ದು."

"ತಗಡು ಗಟ್ಟಿ ಹಿಡೀರಿ," ಎಂದೆ.

ಅವರು ಹಿಡಿದರು. ಮೊದಲು ಅಗಸಿಯ ಡೊಂಕು ಮೊಣಕೈ ಹೋಯಿತು. ಸಂತೆಯ ಬಿರುಕು ಗಂಟೆ ಹೋಯಿತು. ಗಾಣದ ಕೈಮರದ ಎರಕದ ಅಕ್ಷರಗಳ ಹತ್ತಿರ ಬಂದಾಗ ಕಣ್ಣು ತುಂಬಿ ಏನೂ ಕಾಣಲಿಲ್ಲ. ಕಾಣದೆಯೇ ಬಳಿದೆ. ಮುಗಿದಾಗ ಗಾಡಿಯ ಮೇಲೆ ಕಂದು ಬಣ್ಣದ ಬರೀ ತಗಡುಗಳಿದ್ದವು.

"ಏನ್ ಮಾಡಿದ್ರಿ ಅಂಬಕ್ಕ!" ಅಧ್ಯಕ್ಷರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಬಂಗಾರದಂಥ ಚಿತ್ರ!"

"ಈಗ ಊರಾಗ ಇರೂದು ನಿಂತ ಮೂರs ರೀ. ಅವನ್ನ ಬಿಚ್ಚಿದ್ರ ಏನೂ ಉಳಿಯೂದಿಲ್ಲ. ಎಲ್ಲಾರೂ ನೆನಪಿಟ್ಟುಕೊಳ್ರಿ," ಎಂದು ಅವರಿಗೂ ಅವರ ಹಿಂದೆ ನಿಂತವರಿಗೂ ಕೇಳುವಂತೆ ಹೇಳಿದೆ.

ತಗಡುಗಳನ್ನು ಪುರಸಭೆಗೆ ಒಪ್ಪಿಸು ಎಂದು ಆಮೇಲೆ ಯಾರೂ ಕೇಳಲಿಲ್ಲ. ಬಣ್ಣ ಒಣಗಲು ಎರಡು ದಿನ ಬಿಟ್ಟೆ. ಆಮೇಲೆ ಒಂದು ಬೆಳಿಗ್ಗೆ ಗಾಣದ ಗೇಟಿಗೆ ತಗಡು, ಸೀಸದಕಡ್ಡಿ, ಬಣ್ಣದ ಡಬ್ಬಿ ಎಲ್ಲ ತೆಗೆದುಕೊಂಡು ಹೋದೆ. ಗಂಟೆ ಹೊಡೆದು ಕೈ ಇಳಿದಾಗ ಬುಡದ ಮೊದಲ ಬೋಲ್ಟಿನಿಂದ ಮತ್ತೆ ಶುರು ಮಾಡಿದೆ. ಹಳದಿಯ ಕೆಳಗಿನ ನೀಲಿ ಈ ಸಲ ಹಿಂದಿಗಿಂತ ಗಾಢವಾಗಿ ಕಂಡಿತು, ಬಿಚ್ಚುವಾಗ ಎರಡು ಕಡೆ ಹೊಸದಾಗಿ ತರಚಿದ ಗಾಯವೂ ಇತ್ತು.

ಅವಸರದಿಂದ ಬಂದ ಅಧ್ಯಕ್ಷರು ನನ್ನ ಪಕ್ಕದಲ್ಲೇ ನಿಲ್ಲಬೇಕಾಯಿತು. ಅವರ ಕುತ್ತಿಗೆ ಇನ್ನೂ ಪೂರ್ತಿ ಸರಿಯಾಗಿರಲಿಲ್ಲ. ಸ್ವಲ್ಪ ಹೊತ್ತು ನನ್ನ ಕೈಯನ್ನು ನೋಡಿ, ತಡೆಯಲಾರದೆ ಕೇಳಿದರು.

"ಯಾವಾಗ ಮುಗೀತೈತ್ರಿ ಇದು?"

"ಮುಗಿಯಾಕ ಬಂದಾಗೆಲ್ಲ ಮತ್ತ ಬಳಿದುಬಿಡ್ತೀನ್ರಿ," ಎಂದು ಹೇಳಿ ಮತ್ತೊಂದು ಬೋಲ್ಟಿನ ಕಡೆ ನೋಡಿದೆ.